ಸೀಮೋಲ್ಲಂಘನ: ಸೇವೆಯ ಕೊನೆಯಲ್ಲಿ ಬೀಳ್ಕೊಡುಗೆ

(ಶಾಖಾ ಮಠದ ವಾರ್ಷಿಕೋತ್ಸವದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)

|| ಶ್ರೀ ಗುರುಭ್ಯೋ ನಮಃ || ಹರಿಃ ಓಂ ||



ನಮ್ಮ ಮನೆಗಳಲ್ಲಿ ಹೊಸ್ತಿಲು ದಾಟುವವರು ಯಾರೂ 'ಹೋಗುತ್ತೇನೆ' ಎನ್ನುವುದಿಲ್ಲ. 'ಹೋಗಿ ಬರುತ್ತೇನೆ' ಎನ್ನುವುದೇ ರೂಢಿ. ಬದಲಾಪುರದ ನೆರೆಮನೆಯ ಮರಾಠಿ ಬಂಧುಗಳೂ ಹೊರಡುವಾಗ 'ಯೇತೋ' ಎನ್ನುತ್ತಾರೆ. ಅದರ ಅರ್ಥವೂ 'ಬರುತ್ತೇನೆ' ಎಂದೇ. ಅಗಲುವಿಕೆಯ ನೋವನ್ನು ಮರಳಿ ಬರುವ ಮಾತಿನಿಂದ ತಗ್ಗಿಸುವ ಈ ಸಂಪ್ರದಾಯ ಬಹಳ ಹಿತವಾದುದು.

ಆದರೆ ಹೋದ ಮೇಲೆ ಮರಳಿ ಬರುವ ಭರವಸೆಯಿಲ್ಲದ ಅಗಲುವಿಕೆಯೂ ಉಂಟು. ಗುರುಗಳ ಅಪ್ಪಣೆಯಂತೆ ಪರದೇಶಕ್ಕೆ ಹೋಗಿ, ವರ್ಷಗಟ್ಟಲೆ ಅಲ್ಲಿ ನೆಲೆಸಿ, ಅಲ್ಲಿಯ ಜನರ ಪ್ರೀತಿಯನ್ನು ಗಳಿಸಿ, ಕಾರ್ಯ ಮುಗಿದ ದಿನ ಎಲ್ಲವನ್ನೂ ಬಿಟ್ಟು ಹೊರಡುವವರ ಅಗಲುವಿಕೆ ಅದು. ಅಂತಹ ಬೀಳ್ಕೊಡುಗೆ ಹೇಗಿರಬೇಕು? ಹೊರಡುವವರು ಏನನ್ನು ಒಯ್ಯಬೇಕು, ಏನನ್ನು ಬಿಟ್ಟು ಹೋಗಬೇಕು? ಉಳಿಯುವವರ ಕರ್ತವ್ಯವೇನು? ಈ ಪ್ರಶ್ನೆಗಳಿಗೆ ನಮ್ಮ ಗುರುಪರಂಪರೆಯಲ್ಲಿಯೇ ಉತ್ತರವಿದೆ. ಅದನ್ನು ಸ್ಮರಿಸುವುದೇ ಇಂದಿನ ಉಪನ್ಯಾಸದ ಉದ್ದೇಶ.

ಚಾತುರ್ಮಾಸ್ಯ ಮತ್ತು ಸೀಮೋಲ್ಲಂಘನ

ಯತಿಗಳಿಗೆ ಒಂದೇ ಸ್ಥಳದಲ್ಲಿ ನೆಲೆಸುವುದು ವಿಹಿತವಲ್ಲ. ಸಂಚಾರವೇ ಅವರ ಧರ್ಮ. ಮಳೆಗಾಲದಲ್ಲಿ ಮಾತ್ರ, ನೆಲದ ಮೇಲೆ ಹರಿದಾಡುವ ಕ್ರಿಮಿಕೀಟಗಳಿಗೆ ಹಿಂಸೆಯಾಗಬಾರದೆಂಬ ಕಾರಣಕ್ಕಾಗಿ, ಒಂದು ಕಡೆ ನಿಲ್ಲಬೇಕೆಂದು ಶಾಸ್ತ್ರವು ವಿಧಿಸಿದೆ. ಅದೇ ಚಾತುರ್ಮಾಸ್ಯ. ಸಹ್ಯಾದ್ರಿಯ ಮಳೆಯನ್ನು ಕಂಡ ಈ ಊರಿನವರಿಗೆ ಆ ನಿಯಮದ ಔಚಿತ್ಯವನ್ನು ವಿವರಿಸಬೇಕಾಗಿಲ್ಲ. ೨೦೧೯ರ ಜುಲೈ ೨೭ರಂದು ಉಲ್ಹಾಸ ನದಿ ಉಕ್ಕಿ, ಬದಲಾಪುರ ಮತ್ತು ವಾಂಗಣಿಗಳ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನೀರಿನ ಮಧ್ಯದಲ್ಲಿ ನಿಂತಾಗ ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ದೋಣಿಗಳಲ್ಲಿ ಪಾರುಮಾಡಬೇಕಾಯಿತು.

ಆಷಾಢದಲ್ಲಿ ಸಂಕಲ್ಪ ಮಾಡಿದ ಯತಿಗಳು ಪಕ್ಷವನ್ನೇ ಮಾಸವೆಂದು ಗಣಿಸಿ, ಭಾದ್ರಪದ ಹುಣ್ಣಿಮೆಯಂದು ವ್ರತವನ್ನು ಸಮಾಪ್ತಿಗೊಳಿಸುತ್ತಾರೆ. ಅನಂತರ ಊರಿನ ಎಲ್ಲೆಯನ್ನು ವಿಧಿಪೂರ್ವಕವಾಗಿ ದಾಟುತ್ತಾರೆ. ಅದೇ ಸೀಮೋಲ್ಲಂಘನ. ಅಷ್ಟು ದಿನಗಳ ಸಂಸ್ಥಾನ ಪೂಜೆ, ಪಾಠ, ಪ್ರವಚನ, ಪಾದಪೂಜೆ, ಭಿಕ್ಷೆಗಳಿಂದ ತುಂಬಿದ್ದ ಮನೆ ಮರುದಿನ ಬರಿದಾಗಿ ಕಾಣುತ್ತದೆ. ಫಲಮಂತ್ರಾಕ್ಷತೆಯನ್ನು ಸೆರಗಿನಲ್ಲಿ ಕಟ್ಟಿಕೊಂಡ ತಾಯಂದಿರ ಕಣ್ಣು ತೇವವಾಗುತ್ತದೆ. ಆದರೆ ಗಮನಿಸಬೇಕಾದ ಅಂಶವೊಂದಿದೆ. ಚಾತುರ್ಮಾಸ್ಯದ ಆರಂಭಕ್ಕೆ ಹೇಗೋ ಹಾಗೆಯೇ ಸಮಾಪ್ತಿಗೂ ಶಾಸ್ತ್ರವು ವಿಧಿಯನ್ನು ಹೇಳಿದೆ. ಬರುವುದು ಧರ್ಮವಾದಂತೆ ಹೊರಡುವುದೂ ಧರ್ಮವೇ.

ಸಮುದ್ರದಾಚೆಯ ಮೊದಲ ದೂತ

ಸ್ವಾಮಿಕಾರ್ಯಕ್ಕಾಗಿ ಪರದೇಶಕ್ಕೆ ಹೋದವರಲ್ಲಿ ಮೊದಲು ಸ್ಮರಿಸಬೇಕಾದವರು ನಮ್ಮ ಮುಖ್ಯಪ್ರಾಣದೇವರೇ. ಹನುಮಂತನು ನೂರು ಯೋಜನದ ಸಮುದ್ರವನ್ನು ಲಂಘಿಸಿದ ಕಥೆ ಮಕ್ಕಳಿಗೂ ಗೊತ್ತು. ಆದರೆ ಅವನು ಲಂಕೆಯಿಂದ ಹೊರಟ ಸಂದರ್ಭವೂ ಅಷ್ಟೇ ಮನನೀಯವಾಗಿದೆ. ಒಂದು ದಿನವಾದರೂ ಇಲ್ಲಿ ಎಲ್ಲಿಯಾದರೂ ಮರೆಯಲ್ಲಿ ವಿಶ್ರಮಿಸಿ ನಾಳೆ ಹೋಗಬಾರದೇ ಎಂದು ಸೀತಾದೇವಿಯರು ಕೇಳುತ್ತಾರೆ. ತಿಂಗಳುಗಟ್ಟಲೆ ರಾಕ್ಷಸಿಯರ ನಡುವೆ ಇದ್ದ ಆ ತಾಯಿಗೆ ಆಪ್ತನೆಂದು ದೊರೆತವನು ಅವನೊಬ್ಬನೇ. ಅವನು ಹೋದರೆ ಶೋಕವು ಇಮ್ಮಡಿಯಾಗುವುದೆಂಬ ಭಯ ಅವರಿಗೆ.

ಆ ಪ್ರಾರ್ಥನೆಯನ್ನು ಕೇಳಿ ಹನುಮಂತನು ಅಲ್ಲಿ ನೆಲೆಸಲಿಲ್ಲ. ನಿಷ್ಠುರವಾಗಿ ಎದ್ದು ಹೊರಡಲೂ ಇಲ್ಲ. ಶ್ರೀರಾಮಚಂದ್ರನು ವಾನರಸೇನೆಯೊಡನೆ ಬಂದೇ ಬರುವನೆಂದು ಧೈರ್ಯ ತುಂಬಿ, ಚೂಡಾಮಣಿಯನ್ನು ಸ್ವೀಕರಿಸಿ, ನಮಸ್ಕರಿಸಿ ಹೊರಟನು. ಹಿಂದಿರುಗಿ ಅವನು ಸ್ವಾಮಿಗೆ ಒಪ್ಪಿಸಿದ್ದು ಅದೊಂದೇ ಆಭರಣ ಮತ್ತು ಆ ತಾಯಿಯ ಸಂದೇಶ. ಸ್ವರ್ಣಮಯವಾದ ಲಂಕೆಯಿಂದ ತನಗಾಗಿ ಒಂದು ಎಳೆ ಚಿನ್ನವನ್ನೂ ಅವನು ತರಲಿಲ್ಲ. ಶ್ರೀರಾಮನಿಂದ ಅವನಿಗೆ ದೊರೆತದ್ದು ಒಂದು ಆಲಿಂಗನ. ಅದಕ್ಕಿಂತ ಹೆಚ್ಚಿನದನ್ನು ಅವನು ಬಯಸಿರಲೂ ಇಲ್ಲ.

ಕಳಿಂಗದಲ್ಲಿ ಶ್ರೀ ನರಹರಿತೀರ್ಥರು

ಅದೇ ಮುಖ್ಯಪ್ರಾಣರು ಶ್ರೀಮಧ್ವಾಚಾರ್ಯರಾಗಿ ಅವತರಿಸಿದಾಗ, ತಮ್ಮ ಶಿಷ್ಯರೊಬ್ಬರನ್ನು ಇಂಥದೇ ಕಾರ್ಯಕ್ಕೆ ಕಳುಹಿಸಿದರು. ಅವರೇ ಶ್ರೀ ನರಹರಿತೀರ್ಥರು. ಉಡುಪಿಯಿಂದ ಕಳಿಂಗಕ್ಕೆ ಎಂದರೆ ಪಶ್ಚಿಮ ಸಮುದ್ರದ ದಡದಿಂದ ಪೂರ್ವ ಸಮುದ್ರದ ದಡಕ್ಕೆ. ರೈಲು, ರಸ್ತೆಗಳಿಲ್ಲದ ಹದಿಮೂರನೆಯ ಶತಮಾನದಲ್ಲಿ ಅದು ನಿಜವಾಗಿಯೂ ಪರದೇಶ. ಭಾಷೆ ಬೇರೆ, ಅರಸು ಮನೆತನ ಬೇರೆ. ಕೋಣಾರ್ಕದ ಸೂರ್ಯ ದೇವಾಲಯವನ್ನು ಕಟ್ಟಿಸಿದ ಗಂಗವಂಶದ ಒಂದನೆಯ ನರಸಿಂಹದೇವನ ಸಂತತಿಯವರು ಆಗ ಅಲ್ಲಿ ಆಳುತ್ತಿದ್ದರು.

ಸಂಪ್ರದಾಯವು ಹೇಳುವ ವೃತ್ತಾಂತ ಹೀಗಿದೆ. ಚತುರ್ಮುಖ ಬ್ರಹ್ಮದೇವರಿಂದ ಪೂಜಿತವಾಗಿ ಇಕ್ಷ್ವಾಕುವಂಶಕ್ಕೆ ಬಂದ ಶ್ರೀಮೂಲರಾಮ ಮತ್ತು ಸೀತಾದೇವಿಯರ ಪ್ರತಿಮೆಗಳು ಕಾಲಕ್ರಮದಲ್ಲಿ ಕಳಿಂಗದ ರಾಜಭಂಡಾರದಲ್ಲಿದ್ದವು. ಅವುಗಳನ್ನು ತರುವಂತೆ ಆಚಾರ್ಯರು ನರಹರಿತೀರ್ಥರಿಗೆ ಆಜ್ಞಾಪಿಸಿದರು. ಗುರುಸನ್ನಿಧಿಯನ್ನು ಬಿಟ್ಟು ದೂರ ಹೋಗುವುದು ಶಿಷ್ಯರಿಗೆ ಸುಲಭವಾಗಿರಲಿಲ್ಲ. ಆದರೆ ಗುರುಗಳ ಸಮೀಪದಲ್ಲಿರುವುದಕ್ಕಿಂತ ಗುರುಗಳ ಆಜ್ಞೆಯಲ್ಲಿರುವುದೇ ದೊಡ್ಡದೆಂದು ಅವರು ಹೊರಟರು. ಅಷ್ಟರಲ್ಲಿ ಕಳಿಂಗದ ಅರಸನು ತೀರಿಕೊಂಡಿದ್ದನು. ಉತ್ತರಾಧಿಕಾರಿಯು ಇನ್ನೂ ಬಾಲಕ. ರಾಜ್ಯಭಾರವನ್ನು ವಹಿಸತಕ್ಕವರನ್ನು ಆರಿಸಲು ಪಟ್ಟದಾನೆಯ ಸೊಂಡಿಲಿಗೆ ಮಾಲೆಯನ್ನು ಕೊಟ್ಟು ಬಿಟ್ಟಾಗ, ಅದು ಬಂದು ಈ ಸಂನ್ಯಾಸಿಯ ಕೊರಳಿಗೆ ಮಾಲೆ ಹಾಕಿತು. ಕಾವಿ ಉಟ್ಟವರು ಹನ್ನೆರಡು ವರ್ಷಗಳ ಕಾಲ ಒಂದು ರಾಜ್ಯದ ಹೊಣೆಯನ್ನು ಹೊರಬೇಕಾಯಿತು.

ಇದು ಸಂಪ್ರದಾಯದ ಕಥೆ. ನರಹರಿತೀರ್ಥರು ಕಳಿಂಗದಲ್ಲಿ ದೀರ್ಘಕಾಲ ಇದ್ದುದಕ್ಕೂ ಅಲ್ಲಿಯ ಆಡಳಿತದಲ್ಲಿ ಉನ್ನತ ಸ್ಥಾನದಲ್ಲಿದ್ದುದಕ್ಕೂ ಶಾಸನಗಳ ಆಧಾರವೇ ಇದೆ. ಆಂಧ್ರಪ್ರದೇಶದ ಶ್ರೀಕಾಕುಳಂ ಜಿಲ್ಲೆಯ ಶ್ರೀಕೂರ್ಮ ಕ್ಷೇತ್ರದಲ್ಲಿ ಮತ್ತು ವಿಶಾಖಪಟ್ಟಣದ ಸಮೀಪದ ಸಿಂಹಾಚಲದಲ್ಲಿ ಅವರ ಹೆಸರನ್ನು ಹೊತ್ತ ಶಾಸನಗಳು ದೊರೆತಿವೆ. ಅವು ಸುಮಾರು ಮೂರು ದಶಕಗಳ ಅವಧಿಗೆ ಹರಡಿಕೊಂಡಿವೆ. ಅವುಗಳಲ್ಲಿ ಮುಖ್ಯವಾದುದು ಶಕ ೧೨೦೩ರ, ಅಂದರೆ ಕ್ರಿ.ಶ. ೧೨೮೧ರ ಶ್ರೀಕೂರ್ಮದ ಸಂಸ್ಕೃತ ಶಾಸನ. ಅದು ಮೊದಲು ಗುರುಗಳಾದ ಆನಂದತೀರ್ಥರನ್ನು ಕೊಂಡಾಡುತ್ತದೆ. ಅನಂತರ ನರಹರಿತೀರ್ಥರು ಕಳಿಂಗದ ಪ್ರಜೆಗಳನ್ನು ಕಾಪಾಡಿದುದನ್ನೂ, ಶಬರರ ದಾಳಿಯಿಂದ ಶ್ರೀಕೂರ್ಮದ ದೇವಾಲಯವನ್ನು ರಕ್ಷಿಸಿದುದನ್ನೂ, ಅಲ್ಲಿ ಯೋಗಾನಂದ ನರಸಿಂಹನ ಗುಡಿಯನ್ನು ಕಟ್ಟಿಸಿದುದನ್ನೂ ಹೇಳುತ್ತದೆ. ಆಚಾರ್ಯರು ಇನ್ನೂ ಧರೆಯ ಮೇಲಿದ್ದಾಗಲೇ ಅವರ ಹೆಸರು ಅಷ್ಟು ದೂರದ ಕಲ್ಲಿನಲ್ಲಿ ಕೊರೆಯಲ್ಪಟ್ಟಿತೆಂಬುದು ಸಾಮಾನ್ಯ ಸಂಗತಿಯಲ್ಲ. ಅಧಿಕಾರದಲ್ಲಿದ್ದ ಶಿಷ್ಯರು ತಮ್ಮ ಕೀರ್ತಿಗಿಂತ ಮೊದಲು ಗುರುಗಳ ಕೀರ್ತಿಯನ್ನು ಬರೆಯಿಸಿದರು.

ಹೊರಟ ದಿನ

ಬಾಲಕನಾದ ಅರಸು ಪ್ರಾಯಕ್ಕೆ ಬಂದನು. ನರಹರಿತೀರ್ಥರು ರಾಜ್ಯವನ್ನು ಅವನಿಗೆ ಒಪ್ಪಿಸಿದರು. ಉಪಕೃತನಾದ ಅರಸನು ಏನು ಬೇಕೆಂದು ಕೇಳಿದನು. ಊರು, ಉಂಬಳಿ, ಆನೆ, ಚಿನ್ನ ಯಾವುದನ್ನು ಕೇಳಿದರೂ ದೊರೆಯುತ್ತಿತ್ತು. ಅಲ್ಲಿಯೇ ರಾಜಗುರುವಾಗಿ ಉಳಿಯುತ್ತೇನೆಂದರೂ ತಡೆಯುವವರಿರಲಿಲ್ಲ. ಅವರು ಕೇಳಿದ್ದು ಭಂಡಾರದಲ್ಲಿದ್ದ ಆ ಎರಡು ಪ್ರತಿಮೆಗಳನ್ನು ಮಾತ್ರ.

ಹನ್ನೆರಡು ವರ್ಷ ಭಂಡಾರದ ಬೀಗದ ಕೈ ಅವರ ಅಧೀನದಲ್ಲಿಯೇ ಇತ್ತು. ಮನಸ್ಸು ಮಾಡಿದ್ದರೆ ಮೊದಲನೆಯ ವರ್ಷವೇ ಪ್ರತಿಮೆಗಳನ್ನು ತೆಗೆದುಕೊಂಡು ಹೊರಡಬಹುದಾಗಿತ್ತು. ಬಂದ ಕಾರ್ಯ ಅದೇ ತಾನೆ! ಆದರೆ ಪಾಲಕನಾಗಿ ಇರುವವನು ತನಗೆ ತಾನೇ ದಾನ ಮಾಡಿಕೊಳ್ಳಲಾಗದು. ಒಡೆಯನು ಪ್ರಾಯಕ್ಕೆ ಬಂದು, ತನ್ನ ಕೈಯಾರೆ, ಸಂತೋಷದಿಂದ ಕೊಡಬೇಕು. ಆ ಕ್ಷಣಕ್ಕಾಗಿ ಅವರು ಕಾದರು. ಗುರ್ವಾಜ್ಞೆಯೂ ನೆರವೇರಬೇಕು, ವಹಿಸಿಕೊಂಡ ಹೊಣೆಗೂ ಲೋಪ ಬರಬಾರದು. ಈ ಎರಡನ್ನೂ ಕೂಡಿಸಿದ್ದರಿಂದಲೇ ಅವರ ಬೀಳ್ಕೊಡುಗೆ ನಿಷ್ಕಳಂಕವಾಯಿತು.

ಅವರು ಪೂರ್ವಾಶ್ರಮದಲ್ಲಿ ಆ ಪ್ರಾಂತಕ್ಕೆ ಸೇರಿದವರೇ ಎಂಬ ಸಂಪ್ರದಾಯವೂ ಇದೆ. ಹಾಗಿದ್ದರೆ ಆ ಅಗಲುವಿಕೆ ಇನ್ನಷ್ಟು ಕಠಿಣವಾದುದು. ಹುಟ್ಟಿದ ನೆಲ, ಆಳಿದ ಜನ, ಕಟ್ಟಿದ ಗುಡಿ ಮೂರನ್ನೂ ಏಕಕಾಲದಲ್ಲಿ ಹಿಂದೆ ಬಿಟ್ಟು ಅವರು ಗುರುಗಳ ಕಡೆಗೆ ನಡೆದರು. ತಮಗಾಗಿ ಕಟ್ಟಿಸಿದ್ದು ಯಾವುದೂ ಇರಲಿಲ್ಲ. ಕಟ್ಟಿಸಿದ್ದು ನರಸಿಂಹನ ಗುಡಿ. ಅದನ್ನು ಅಲ್ಲಿಯ ಜನರ ಕೈಯಲ್ಲಿ ಬಿಟ್ಟರು.

ಮುಂದಿನ ಭಾಗ ಇನ್ನೂ ಹೃದ್ಯವಾಗಿದೆ. ಪ್ರತಿಮೆಗಳನ್ನು ತಂದವರು ತಾವಾದರೂ ಪೂಜೆಯ ಅಧಿಕಾರವನ್ನು ಅವರು ಕೇಳಲಿಲ್ಲ. ಅವುಗಳನ್ನು ಆಚಾರ್ಯರ ಪಾದಗಳಲ್ಲಿ ಅರ್ಪಿಸಿದರು. ಆಚಾರ್ಯರು ಪೂಜಿಸಿದ ಅನಂತರ ಅವು ಹಿರಿಯರಾದ ಶ್ರೀ ಪದ್ಮನಾಭತೀರ್ಥರಿಗೆ ಬಂದವು. ಅವರ ಅನಂತರ, ೧೩೨೪ರಲ್ಲಿ, ನರಹರಿತೀರ್ಥರು ಪೀಠವನ್ನು ಏರಿದರು. ತಾವೇ ತಂದ ಸ್ವಾಮಿಯ ಪೂಜೆಗೆ ತಮ್ಮ ಸರದಿ ಬರುವವರೆಗೆ ಅವರು ಕಾದರು. ಗೀತಾಭಾಷ್ಯಕ್ಕೆ ಭಾವಪ್ರಕಾಶಿಕಾ ಎಂಬ ಟೀಕೆಯನ್ನು ರಚಿಸಿದ ಆ ವಿದ್ವಾಂಸರು ಕನ್ನಡದಲ್ಲಿ ಹರಿಯನ್ನು ಹಾಡಿದ ದಾಸಪರಂಪರೆಗೂ ಮೊದಲಿಗರೆಂದು ಗಣನೆಗೆ ಪಾತ್ರರಾಗಿದ್ದಾರೆ. ೧೩೩೩ರಲ್ಲಿ ಅವರು ವೃಂದಾವನಸ್ಥರಾದರು. ಪುಷ್ಯ ಬಹುಳ ಸಪ್ತಮಿಯಂದು ಅವರ ಆರಾಧನೆ. ಹಂಪೆಯ ತುಂಗಭದ್ರೆಯ ತೀರದಲ್ಲಿ ಅವರ ವೃಂದಾವನ. ರಾಜ್ಯವನ್ನು ಆಳಿದವರು ಕೊನೆಗೆ ನದಿಯ ಬಂಡೆಗಳ ನಡುವೆ ಶಾಂತವಾಗಿ ನೆಲೆಸಿದ್ದಾರೆ.

ಸತತವಾದ ಬೀಳ್ಕೊಡುಗೆ: ಪರ್ಯಾಯ

ಒಬ್ಬರು ಮಹಾತ್ಮರು ಹೀಗೆ ನಡೆದುಕೊಂಡರೆಂದು ಕೊಂಡಾಡುವುದು ಸುಲಭ. ಅದನ್ನು ವ್ಯವಸ್ಥೆಯನ್ನಾಗಿ ಮಾಡುವುದು ಕಷ್ಟ. ಉಡುಪಿಯ ಶ್ರೀಕೃಷ್ಣಮಠದಲ್ಲಿ ಅದು ಸಾಧ್ಯವಾಗಿದೆ. ಆಚಾರ್ಯರ ಕಾಲದಲ್ಲಿ ಎರಡು ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಪೂಜಾಧಿಕಾರವನ್ನು ಶ್ರೀ ವಾದಿರಾಜತೀರ್ಥರು ಎರಡು ವರ್ಷಗಳಿಗೆ ವಿಸ್ತರಿಸಿದರು. ಎರಡು ವರ್ಷ ಮುಗಿದ ಮುಂಜಾವಿನಲ್ಲಿ, ಇಳಿಯುವ ಯತಿಗಳು ಅಕ್ಷಯಪಾತ್ರೆ, ಸಟ್ಟುಗ ಮತ್ತು ಗರ್ಭಗುಡಿಯ ಬೀಗದ ಕೈಯನ್ನು ಏರುವ ಯತಿಗಳಿಗೆ ಒಪ್ಪಿಸಿ, ಕೈಹಿಡಿದು ಸರ್ವಜ್ಞಪೀಠದಲ್ಲಿ ಕುಳ್ಳಿರಿಸುತ್ತಾರೆ. ತಾವೇ ಕುಳಿತಿದ್ದ ಪೀಠದಲ್ಲಿ ಮತ್ತೊಬ್ಬರನ್ನು ತಮ್ಮ ಕೈಯಾರೆ ಕುಳ್ಳಿರಿಸುವ ಆ ಗಳಿಗೆಯಲ್ಲಿ ಎಷ್ಟು ವೇದಾಂತವಿದೆ!

ಮುಂಬಯಿಯ ಭಕ್ತರಿಗೆ ಚಿರಪರಿಚಿತರಾಗಿದ್ದ ಪೇಜಾವರ ಮಠದ ಶ್ರೀ ವಿಶ್ವೇಶತೀರ್ಥ ಶ್ರೀಪಾದರು ೧೯೫೨, ೧೯೬೮, ೧೯೮೪, ೨೦೦೦ ಮತ್ತು ೨೦೧೬ರಲ್ಲಿ, ಹೀಗೆ ಐದು ಬಾರಿ ಪರ್ಯಾಯ ಪೀಠವನ್ನೇರಿದರು. ಐದು ಬಾರಿ ಏರಿದರೆಂಬುದನ್ನು ಎಲ್ಲರೂ ಹೇಳುತ್ತಾರೆ. ಐದು ಬಾರಿ ಇಳಿದರೆಂಬುದನ್ನೂ ನೆನೆಯಬೇಕು. ೨೦೧೮ರ ಜನವರಿ ೧೮ರಂದು, ಎಂಬತ್ತಾರರ ವಯಸ್ಸಿನಲ್ಲಿ, ಅವರು ಪಲಿಮಾರು ಮಠದ ಶ್ರೀಪಾದರಿಗೆ ಅಧಿಕಾರವನ್ನು ಒಪ್ಪಿಸಿದರು. ಮುಂದಿನ ವರ್ಷ, ೨೦೧೯ರ ಡಿಸೆಂಬರ್ ೨೯ರಂದು, ಹರಿಪಾದವನ್ನು ಸೇರಿದರು.

ಇದರ ಹಿಂದಿರುವ ತತ್ತ್ವವನ್ನು ಆಚಾರ್ಯರು ತತ್ತ್ವಸಂಖ್ಯಾನದ ಆರಂಭದಲ್ಲಿಯೇ ಸ್ಪಷ್ಟಪಡಿಸಿದ್ದಾರೆ. ತತ್ತ್ವವು ಎರಡು ವಿಧ: ಸ್ವತಂತ್ರ ಮತ್ತು ಅಸ್ವತಂತ್ರ. ಶ್ರೀಹರಿಯೊಬ್ಬನೇ ಸ್ವತಂತ್ರ, ಉಳಿದುದೆಲ್ಲವೂ ಅವನ ಅಧೀನ. ಜೀವನಿಗೆ ಕರ್ತೃತ್ವವುಂಟು, ಆದರೆ ಅದು ಪರಾಧೀನ ಕರ್ತೃತ್ವ. ಹಾಗಿರುವಾಗ 'ಇದು ನನ್ನದು, ನಾನು ಕಟ್ಟಿದ್ದು' ಎಂಬ ಮಾತಿಗೆ ಆಧಾರವೆಲ್ಲಿ? ಈ ತತ್ತ್ವದ ಪಾಠವನ್ನು ಪುಸ್ತಕದಿಂದ ಕಲಿಯಬಹುದು. ಪರೀಕ್ಷೆ ನಡೆಯುವುದು ಮಾತ್ರ ಹೊರಡುವ ದಿನ.

ಆಚಾರ್ಯರೂ ತಮ್ಮ ಅವತಾರಕಾರ್ಯ ಮುಗಿದಾಗ ಹಾಗೆಯೇ ಹೊರಟರು. ೧೩೧೭ರ ಪಿಂಗಳ ಸಂವತ್ಸರದ ಮಾಘ ಶುದ್ಧ ನವಮಿಯಂದು, ಉಡುಪಿಯ ಅನಂತೇಶ್ವರನ ಸನ್ನಿಧಿಯಲ್ಲಿ ಐತರೇಯ ಉಪನಿಷತ್ತನ್ನು ಪಾಠ ಹೇಳುತ್ತಿದ್ದಂತೆಯೇ, ಪುಷ್ಪವೃಷ್ಟಿಯ ನಡುವೆ ಅದೃಶ್ಯರಾಗಿ ಬದರಿಗೆ ತೆರಳಿದರೆಂದು ಸಂಪ್ರದಾಯ. ಅವರ ಬೀಳ್ಕೊಡುಗೆಗೆ ಸಮಾರಂಭ ನಡೆಯಲಿಲ್ಲ. ಕೊನೆಯ ಗಳಿಗೆಯವರೆಗೂ ಪಾಠ ನಡೆಯುತ್ತಿತ್ತು.

ಬದಲಾಪುರದ ಮನೆಗಳಲ್ಲಿ

ಈಗ ಈ ಊರಿನ ಕಡೆಗೆ ನೋಡೋಣ. ಕರಾವಳಿಯಿಂದಲೂ ಉತ್ತರ ಕರ್ನಾಟಕದಿಂದಲೂ ಮುಂಬಯಿಗೆ ಬಂದ ಮಾಧ್ವ ಕುಟುಂಬಗಳು ಹೋಟೆಲು, ಬ್ಯಾಂಕು, ಕಾರ್ಖಾನೆ, ಕಚೇರಿಗಳಲ್ಲಿ ದುಡಿಯುತ್ತ, ಬಾಡಿಗೆ ಏರಿದಂತೆ ಡೊಂಬಿವಲಿ, ಕಲ್ಯಾಣ, ಅಂಬರನಾಥಗಳನ್ನು ದಾಟಿ ಬದಲಾಪುರದವರೆಗೆ ಬಂದು ನೆಲೆಸಿದವು. ೧೯೯೮ರಲ್ಲಿ ಕೊಂಕಣ ರೈಲು ಪೂರ್ಣವಾಗುವ ಮೊದಲು ಕರಾವಳಿಯವರಿಗೆ ಊರೆಂಬುದು ಬಸ್ಸಿನಲ್ಲಿ ಒಂದು ಹಗಲು ಒಂದು ರಾತ್ರಿ ಕುಳಿತು ತಲುಪಬೇಕಾದ ದೂರ. ಆ ದೂರವೇ ಪರಸ್ಪರರನ್ನು ಹತ್ತಿರ ತಂದಿತು. ಬೆಳಗಿನ ಲೋಕಲಿಗೆ ಓಡುವವರು ಸಂಜೆ ಮರಳಿ, ಸ್ನಾನ ಮಾಡಿ, ಯಾರದೋ ಮನೆಯ ಚಿಕ್ಕ ಕೋಣೆಯಲ್ಲಿ ಪಾರಾಯಣಕ್ಕೆ ಸೇರಿದರು. ಏಕಾದಶಿಯ ಭಜನೆ, ದ್ವಾದಶಿಯ ಪಾರಣೆ, ರಾಯರ ಆರಾಧನೆ, ಮಧ್ವನವಮಿ ಇವುಗಳ ಸುತ್ತ ಸಮಾಜ ಬೆಳೆಯಿತು. ಅವರೂ ಒಂದು ಬಗೆಯಲ್ಲಿ ಕಳಿಂಗಕ್ಕೆ ಬಂದವರೇ. ಜೀವನೋಪಾಯಕ್ಕಾಗಿ ಬಂದರೂ ಸ್ವಾಮಿಕಾರ್ಯವನ್ನು ಕೈಗೆತ್ತಿಕೊಂಡರು.

ಈಗ ಅವರಲ್ಲಿ ಅನೇಕರು ಹೊರಡುವ ವಯಸ್ಸಿನವರು. ನಿವೃತ್ತಿಯಾಗಿದೆ. ಮಗ ಬೆಂಗಳೂರಿನಲ್ಲೋ ಪರದೇಶದಲ್ಲೋ ಇದ್ದಾನೆ. ಊರಿನ ಹಳೆಯ ಮನೆ ಕರೆಯುತ್ತಿದೆ. ಕೆಲವರು ಊರಿಗೆ, ಕೆಲವರು ಮಕ್ಕಳ ಬಳಿಗೆ ಹೊರಟಿದ್ದಾರೆ. ಪ್ರತಿ ವರ್ಷದ ಉತ್ಸವದಲ್ಲಿಯೂ ಒಂದೆರಡು ಪರಿಚಿತ ಮುಖಗಳು ಕಾಣುವುದಿಲ್ಲ. ಆದ್ದರಿಂದ ಬೀಳ್ಕೊಡುಗೆ ಎಂಬುದು ಇಲ್ಲಿ ಪುರಾಣದ ವಿಷಯವಲ್ಲ, ಮನೆಮನೆಯ ವಿಷಯ.

ಹೊರಡುವಾಗ ಮನಸ್ಸು ಎರಡು ತಪ್ಪುಗಳಿಗೆ ಒಳಗಾಗುತ್ತದೆ. ಬೀಗದ ಕೈಯನ್ನು ಕೊಟ್ಟು, ಕೆಲಸದ ಮರ್ಮವನ್ನು ಹೇಳಿಕೊಡದೆ ಹೋಗುವುದು ಒಂದು. ಮರ್ಮವನ್ನೆಲ್ಲ ಹೇಳಿಕೊಟ್ಟು, ಅಧಿಕಾರವನ್ನು ಮಾತ್ರ ದೂರವಾಣಿಯಲ್ಲಿ ತನ್ನ ಬಳಿಯೇ ಉಳಿಸಿಕೊಳ್ಳುವುದು ಇನ್ನೊಂದು. ನರಹರಿತೀರ್ಥರು ಈ ಎರಡನ್ನೂ ಮಾಡಲಿಲ್ಲ. ಬಾಲಕನನ್ನು ಅರಸನನ್ನಾಗಿ ಬೆಳೆಸಿ ಆಮೇಲೆ ರಾಜ್ಯವನ್ನು ಕೊಟ್ಟರು. ಕೊಟ್ಟ ಮೇಲೆ ಹೊರಟರು. ಉತ್ತರಾಧಿಕಾರಿಯನ್ನು ಸಿದ್ಧಗೊಳಿಸದೆ 'ನಮ್ಮ ಅನಂತರ ಯಾರೂ ಇಲ್ಲ' ಎಂದು ಕೊರಗುವವರು ಈ ಅಂಶವನ್ನು ಮನನ ಮಾಡಬೇಕು.

ಮೂವತ್ತು ವರ್ಷ ಹೂಬತ್ತಿ ಹೊಸೆದು, ವಾದಿರಾಜರ ಲಕ್ಷ್ಮೀಶೋಭಾನೆಯನ್ನು ಮುಂದೆ ನಿಂತು ಹಾಡಿಸಿದ ತಾಯಿಯೊಬ್ಬರು ಹೊರಡುವಾಗ ತಮ್ಮ ಹಾಡಿನ ಪುಸ್ತಕವನ್ನು ಪೆಟ್ಟಿಗೆಯಲ್ಲಿ ಕಟ್ಟಿಕೊಂಡು ಹೋಗಬಹುದು. ಅಥವಾ ಹೊಸದಾಗಿ ಬಂದ ಸೊಸೆಯೊಬ್ಬಳನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು, ರಾಗ ತಪ್ಪಿದರೂ ಗದರದೆ, ಆರು ತಿಂಗಳು ಹೇಳಿಕೊಟ್ಟು, ಆ ಪುಸ್ತಕವನ್ನು ಅವಳ ಕೈಗೆ ಕೊಟ್ಟು ಹೋಗಬಹುದು. ಎರಡನೆಯದೇ ಪರ್ಯಾಯ. ಅಲ್ಲಿ ಅಕ್ಷಯಪಾತ್ರೆ ಇಲ್ಲದಿರಬಹುದು. ಕೊಡುವ ಕೈ ಅದೇ.

ಉಳಿಯುವವರಿಗೂ ಕರ್ತವ್ಯವಿದೆ. ಹೊರಡುವವರ ಕೊರಳಿಗೆ ಹಾರ ಹಾಕಿ, ಹೆಗಲಿಗೆ ಶಾಲು ಹೊದಿಸಿ, ಭಾವಚಿತ್ರ ತೆಗೆಯಿಸಿದಲ್ಲಿಗೆ ಕರ್ತವ್ಯವು ಮುಗಿಯುವುದಿಲ್ಲ. ಅವರು ಹಿಡಿದಿದ್ದ ಕೆಲಸವನ್ನು ಮರುದಿನ ಬೆಳಿಗ್ಗೆ ಯಾರು ಹಿಡಿಯುತ್ತಾರೆಂಬುದನ್ನು ಹಿಂದಿನ ದಿನವೇ ನಿಶ್ಚಯಿಸುವುದೇ ನಿಜವಾದ ಸನ್ಮಾನ. ಕಳಿಂಗದ ತರುಣ ಅರಸನು ಅಳುತ್ತ ಕುಳಿತಿದ್ದರೆ ನರಹರಿತೀರ್ಥರ ಹನ್ನೆರಡು ವರ್ಷಗಳು ವ್ಯರ್ಥವಾಗುತ್ತಿದ್ದವು. ಅವನು ಭಂಡಾರದ ಬಾಗಿಲನ್ನು ತೆರೆದು ಕೊಟ್ಟನು, ಮತ್ತೆ ಸಿಂಹಾಸನದಲ್ಲಿ ಕುಳಿತು ಆಳಿದನು. ಗುರುದಕ್ಷಿಣೆಯೆಂದರೆ ಅದು.

ಈ ಊರಿನ ಹೆಸರಿನ ಬಗ್ಗೆ ಜನರಲ್ಲಿ ಒಂದು ನಂಬಿಕೆಯಿದೆ. ಶಿವಾಜಿ ಮಹಾರಾಜರ ಕಾಲದಲ್ಲಿ ಸೂರತ್ತಿನ ದಾರಿಯಲ್ಲಿ ಸಾಗುವ ಸವಾರರು ಇಲ್ಲಿ ದಣಿದ ಕುದುರೆಗಳನ್ನು ಬಿಟ್ಟು ಹೊಸ ಕುದುರೆಗಳನ್ನು ಏರುತ್ತಿದ್ದರಂತೆ. ಬದಲಿಸುವ ಸ್ಥಳವಾದ್ದರಿಂದ ಬದಲಾಪುರವಾಯಿತಂತೆ. ಮರಾಠಿಯ ಆ ಮಾತು ಕನ್ನಡದ ಕಿವಿಗೂ ಹಾಗೆಯೇ ಅರ್ಥವಾಗುತ್ತದೆ. ಕುದುರೆ ಬದಲಾದರೂ ಸವಾರನ ಪಯಣ ನಿಲ್ಲಲಿಲ್ಲ. ಹರಿಸೇವೆಯೆಂಬ ಪಯಣವೂ ಹಾಗೆಯೇ. ಒಂದು ತಲೆಮಾರು ದಣಿದು ಇಳಿಯುತ್ತದೆ, ಮತ್ತೊಂದು ಹೆಗಲು ಕೊಡುತ್ತದೆ. ಇಳಿಯುವವರು ಸಂತೋಷದಿಂದ ಇಳಿಯುವಂತಾಗಲಿ, ಹೆಗಲು ಕೊಡುವವರು ಮೊದಲೇ ಸಿದ್ಧರಾಗಿರುವಂತಾಗಲಿ ಎಂದು ಶ್ರೀ ನರಹರಿತೀರ್ಥರ ಅಂತರ್ಯಾಮಿಯಾದ, ಶ್ರೀ ಮಧ್ವಾಚಾರ್ಯರ ಅಂತರ್ಯಾಮಿಯಾದ ಶ್ರೀಮೂಲರಾಮದೇವರಲ್ಲಿ ಪ್ರಾರ್ಥನೆ.

|| ಶ್ರೀಕೃಷ್ಣಾರ್ಪಣಮಸ್ತು ||